ನೆಟ್ ತೆಗೆದು ಮಾತಾಡಿಸಿ

ನಮ್ಮ ದೊಡ್ಡಮ್ಮ ಹಾಲಿನ ಪ್ಯಾಕೆಟ್ಟನ್ನೂ ಎರಡು ಸಲ ತಿರುಗಿಸಿ ನೋಡದೆ ಒಳಗೆ ತರುವವರಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಅವರ ತಂಗಿ, ಅಂದರೆ ನನ್ನ ಅಮ್ಮ, ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದರು. ಕೈ ಏಳದು, ಮಾತು ತೊದಲು. ದೀಪಕ್ಕೂ ಫ್ಯಾನಿಗೂ ನಮ್ಮನ್ನು ಕೂಗಿ ಕೂಗಿ ಅವರಿಗೇ ನಾಚಿಕೆಯಾಗಿ, ಈಚೆಗೆ ಕತ್ತಲಲ್ಲೇ ಸುಮ್ಮನೆ ಮಲಗಿರುತ್ತಿದ್ದರು. ಅದನ್ನು ನೋಡಲಾರದೆ, ಹೇಳಿದ್ದು ಕೇಳಿ ಸ್ವಿಚ್ ಹಾಕುವ ಪೆಟ್ಟಿಗೆ ತರೋಣವೆಂದು ಹೊರಟೆ. ದೊಡ್ಡಮ್ಮ ಬೆನ್ನಿಗೇ ಬಂದರು. ಬೇಡವೆಂದರೆ ಕೇಳುವ ಜೀವವೇ ಅದು?

ಅಂಗಡಿಯವನು ಥಳಥಳ ಹೊಳೆಯುವ ಒಂದನ್ನು ಎತ್ತಿಟ್ಟ. "ಎಲ್ಲರೂ ಇದನ್ನೇ ತಗೊಳ್ಳೋದು, ಅಮ್ಮ."

"ಎಲ್ಲರ ವಿಷಯ ಬಿಡಿ. ನಿಮ್ಮ ನೆಟ್ ಆಫ್ ಮಾಡಿ, ಆಮೇಲೆ ಮಾತಾಡಿಸಿ," ಎಂದರು ದೊಡ್ಡಮ್ಮ.

ಅವನು ನನ್ನ ಮುಖ ನೋಡಿದ. ನಾನು ಸೂರು ನೋಡಿದೆ. ನೆಟ್ ಹೋದದ್ದೇ ತಡ, ಪೆಟ್ಟಿಗೆ ಬಾಯಿಗೆ ಬೀಗ ಹಾಕಿಕೊಂಡು ಕೂತಿತು.

"ನೋಡಿದ್ಯಾ? ಇದರ ಕಿವಿ ಇಲ್ಲಿಲ್ಲ, ಇನ್ನೆಲ್ಲೋ ಇದೆ."

ಎರಡನೆಯದೂ ಹಾಗೇ. ಮೂರನೆಯದು ಮೊದಲು ಖಾತೆ ತೆರೆಯಿರಿ ಎಂದಿತು. ನನ್ನ ತಾಳ್ಮೆ ಕೆಟ್ಟಿತು. "ಅಮ್ಮ ಲೈಟ್ ಹಾಕು ಅಂದಿದ್ದನ್ನ ಕೇಳಿ ಯಾರಿಗೆ ಏನಾಗಬೇಕಿದೆ ದೊಡ್ಡಮ್ಮ?"

"ಏನೂ ಆಗಬೇಕಿಲ್ಲ ಕಣೆ. ಸುಮ್ನೆ ಕೇಳ್ತಾರೆ." ಅವರ ದನಿ ತಗ್ಗಿತು. "ಎಕ್ಸ್‌ಚೇಂಜಲ್ಲಿ ನಾನೂ ಕೇಳ್ತಿದ್ದೆ. ಇಬ್ಬರಿಗೆ ಲೈನ್ ಕೊಟ್ಟ ಮೇಲೆ ನಾವು ಕಿವಿ ತೆಗೆದು ಈಚೆ ಬರಬೇಕಿತ್ತು. ಬರ್ತಿರಲಿಲ್ಲ. ಯಾರೋ ಅಳೋದು, ಯಾರೋ ಬೇಡ್ಕೊಳ್ಳೋದು... ಒಬ್ಬರಿಗೂ ಗೊತ್ತಾಗಲಿಲ್ಲ."

ಆ ಮೂರನೆಯದನ್ನು ನಾನೇ ಅಂಗಡಿಯವನತ್ತ ತಳ್ಳಿದೆ.

ಕೊನೆಗೆ ಕಪಾಟಿನ ಕೆಳಗಿನ ಖಾನೆಯಿಂದ ಬಂದ ಮಂಕು ಬಣ್ಣದ ಪೆಟ್ಟಿಗೆಯೊಂದು ನೆಟ್ ಇಲ್ಲದೆಯೇ ಬಲ್ಬು ಹೊತ್ತಿಸಿತು. ಖಾತೆ ಕೇಳಲಿಲ್ಲ. ಕಲಿಸಿದ ಮಾತನ್ನು ತನ್ನಲ್ಲೇ ಇಟ್ಟುಕೊಳ್ಳುತ್ತಿತ್ತು. ದೊಡ್ಡಮ್ಮ ಅದನ್ನೂ ತಲೆಕೆಳಗು ಮಾಡಿ ನೋಡಿಯೇ ಒಪ್ಪಿದ್ದು.

ಮನೆಗೆ ಬಂದು ಅಮ್ಮನ ತೊದಲನ್ನೇ ಅದಕ್ಕೆ ಕಲಿಸಿದೆವು. "ದೀ...ಪ" ಎಂದರು; ಹೊತ್ತಿತು. ಅಮ್ಮ ನಕ್ಕಿದ್ದು ನೋಡಿ ಎಷ್ಟು ಕಾಲವಾಗಿತ್ತೋ, ನನಗೆ ಅಳುವೇ ಬಂತು. ಇನ್ನು ನೀವು ಹೋಗಿ ಎಂದು ಕಣ್ಣಲ್ಲೇ ಸನ್ನೆ ಮಾಡಿ, ದೀಪವನ್ನು ತಾವೇ ಆರಿಸಿಕೊಂಡರು.

ನಾವು ಹೊಸ್ತಿಲು ದಾಟಿದೆವು. ಅಷ್ಟರಲ್ಲಿ ಒಳಗೆ, "ರೀ..." ಎಂದು ತೀರಿಹೋದ ಅಪ್ಪನೊಡನೆ ಅಮ್ಮ ಏನೋ ಹೇಳತೊಡಗಿದರು. ನಾನು ಅಲ್ಲೇ ನಿಂತು ಕಿವಿಗೊಟ್ಟೆ. ದೊಡ್ಡಮ್ಮ ನನ್ನ ರಟ್ಟೆ ಹಿಡಿದೆಳೆದು, ಸದ್ದಾಗದಂತೆ ಬಾಗಿಲು ಮುಚ್ಚಿದರು.

"ನಡಿ ಈಚೆ. ಲೈನ್ ಕೊಟ್ಟಾಯ್ತಲ್ಲ."