ಅವ್ವನ ಮೈಬಣ್ಣ

ಮನೆಮನೆಯ ಮದುವೆ ಕ್ಯಾಸೆಟ್ಟುಗಳು ಅಟ್ಟದಿಂದ ಇಳಿದು ಸೀಡಿಯಾಗುತ್ತಿದ್ದ ಕಾಲ. ಗಂಗಾವತಿಯಲ್ಲಿ ನಮ್ಮಪ್ಪನದು ವಿಡಿಯೊ ಸ್ಟುಡಿಯೊ. ಬೇಸಿಗೆ ರಜೆ ಬಂತೆಂದರೆ ನಾನು ಅಲ್ಲೇ. ಓಣಿಯ ಹುಡುಗಿಯರ ಜೊತೆ ಬಾಗಿಲಲ್ಲಿ ಚೌಕಾಬಾರ ಆಡುತ್ತ, ರೈಸ್ ಮಿಲ್ಲಿನಿಂದ ಬರುವ ಬೆಂದ ಭತ್ತದ ವಾಸನೆಯಲ್ಲಿ ಮಂಡಕ್ಕಿ ಮುಕ್ಕುತ್ತ ಕೂತಿರುತ್ತಿದ್ದೆ.

ಒಂದು ಬೇಸಿಗೆ ಅಪ್ಪ ತನ್ನದೇ ಮದುವೆಯ ಕ್ಯಾಸೆಟ್ಟನ್ನು ಹೊರತೆಗೆದ. ನನಗೆ ತಿಳಿವಳಿಕೆ ಬರುವ ಮೊದಲೇ ಅವ್ವ ಜ್ವರದಲ್ಲಿ ತೀರಿಹೋಗಿದ್ದಳು. ಗೋಡೆಯ ಮೇಲಿದ್ದದ್ದು ಅವಳ ಸಾಲಿ ದಿನಗಳ ಕಪ್ಪು-ಬಿಳುಪು ಫೋಟೊ ಒಂದೇ. ಆ ಕ್ಯಾಸೆಟ್ಟನ್ನು ಅಪ್ಪ ಅಷ್ಟು ವರ್ಷ ಮುಟ್ಟಿರಲಿಲ್ಲ.

ತಗಡಿನ ಸೂರಿನ ಕೆಳಗೆ ಕಾದು, ಮಳೆಗಾಲದಲ್ಲಿ ಬೂಷ್ಟು ಹಿಡಿದು ಟೇಪು ಹಾಳಾಗಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಮಂದಿಯೆಲ್ಲ ಹಸಿರು. ಅಕ್ಕಿಕಾಳು ಹಸಿರು, ನಗುವವರ ಹಲ್ಲೂ ಹಸಿರು. ಆ ಹಸಿರಿನೊಳಗಿಂದ ಹಣೆಗೆ ಹೂವಿನ ದಂಡಿ ಕಟ್ಟಿಕೊಂಡ ಮದುಮಗಳು ನನ್ನ ಕಡೆ ತಿರುಗಿ ನೋಡಿದಳು.

"ಅಪ್ಪಾ, ಅವ್ವ ನೀರಾಗ ಅದಾಳೇನು?"

ಮೌಸ್ ಹಿಡಿದ ಅಪ್ಪನ ಕೈ ನಿಂತಿತು.

ಬಣ್ಣ ಸರಿಮಾಡಲು ಕೂತು, ಮದುವೆ ಮಾಡಿಸುವ ಅಯ್ಯನವರ ಧೋತರವನ್ನು ಮೊದಲು ಬೆಳ್ಳಗೆ ಮಾಡಿದ. ಬಿಳಿ ಸರಿಹೋದರೆ ಉಳಿದ ಬಣ್ಣಗಳು ತಾವೇ ದಾರಿಗೆ ಬರುತ್ತವೆ ಎನ್ನುತ್ತಿದ್ದ. ಹಸಿರು ಇಳಿಯಿತು, ಅರಿಷಿಣ ಕಂಡಿತು, ಸೀರೆ ಕೆಂಪಾಯಿತು. ಕಡೆಗೆ ಅವ್ವ ಕೆನೆಯಂಥ ಮುಖದ ಚೆಲುವೆಯಾಗಿ ಹೊರಬಂದಳು. ನಾನು ಕುಣಿದಾಡಿದೆ.

ಅವಳ ತಾಯಿಯನ್ನು, ನಮ್ಮ ಆಯಿಯನ್ನು, ಅಪ್ಪ ತಳಕಲ್ಲಿನಿಂದ ಕರೆಸಿದ. ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ಪರದೆಯ ಹತ್ತಿರ ಬಾಗಿ ಬಹಳ ಹೊತ್ತು ನೋಡಿದಳು.

"ಇಕಿ ಯಾರ್ರಿ?"

"ನಿಮ್ಮ ಮಗಳಽ ಅಲ್ರಿ, ಅತ್ತಿ."

"ನನ್ನ ಮಗಳು ಕರ್ರಗಿದ್ಳು. ಹಂಗಽ ಭಾಳ ಛಲೋ ಇದ್ಳು. ಇಷ್ಟು ಬೆಳ್ಳಗ ಯಾಕ ಮಾಡೀರಿ?"

ಅಪ್ಪನ ಮುಖ ಇಳಿಯಿತು. "ಎಲ್ಲಾ ಮದುಮಕ್ಕಳನ್ನೂ ಬೆಳ್ಳಗ ಮಾಡಿ ಮಾಡಿ ಕೈ ಹಂಗ ಕೂತೈತ್ರಿ. ಖರೇ ಹೇಳಬೇಕಂದ್ರ, ಆಕೀ ಬಣ್ಣ ನನಗ ನೆನಪಾಗವಲ್ದು."

ಆಯಿ ನನ್ನ ತೋಳು ಹಿಡಿದೆಳೆದು ಪರದೆಗೆ ಆನಿಸಿದಳು. "ಇದನ್ನ ನೋಡಿ ಮಾಡ್ರಿ."

ಗಾಜು ಬೆಚ್ಚಗಿತ್ತು. ನನ್ನ ತೋಳಿನ ಪಕ್ಕದಲ್ಲಿ ಅವ್ವ ಇಷ್ಟಿಷ್ಟೇ ಕಪ್ಪಾಗುತ್ತ ಬಂದಳು. "ಸಾಕು, ನಿಂದರ್ರಿ" ಎಂದ ಆಯಿ ಅಲ್ಲೇ ಕುಸಿದು ಅತ್ತಳು.

ಸಾಲಿಯಲ್ಲಿ ಎಲ್ಲರಿಂದ ಕರಿಯವ್ವ ಎನಿಸಿಕೊಳ್ಳುತ್ತಿದ್ದವಳು ನಾನು. ಅಂದು ಸಂಜೆ ಕನ್ನಡಿಯ ಮುಂದೆ ನಿಂತಾಗ ಹಿಂದೆ ಇನ್ಯಾರೋ ನಿಂತಂತೆ ಅನಿಸಿತು. ಹೆದರಿಕೆಯಾಯಿತು. ಆದರೂ ಅಲ್ಲಿಂದ ಸರಿಯಲು ಮನಸ್ಸಾಗಲಿಲ್ಲ.

ಈಗ ಆಯಿ ಇಲ್ಲ. ಟೇಪು ಎಂದೋ ಹರಿದುಹೋಯಿತು. ಅಂದು ಸರಿಮಾಡಿದ ವಿಡಿಯೊ ಮಾತ್ರ ನನ್ನ ಮೊಬೈಲಿನಲ್ಲಿದೆ. ಮೊನ್ನೆ ಅಪ್ಪನಿಗೆ ತೋರಿಸಿದೆ. ಪೊರೆ ಬಂದ ಅವನ ಕಣ್ಣಿಗೆ ಎಲ್ಲವೂ ಮಬ್ಬು ಹಳದಿ. ಹತ್ತಿರ ಹಿಡಿದ, ದೂರ ಹಿಡಿದ, ಕೊನೆಗೆ ನನ್ನ ಕೈಗೇ ಕೊಟ್ಟ.

"ನೀನಽ ನೋಡಿ ಹೇಳವ್ವ. ನಿಮ್ಮವ್ವ ಹಿಂಗಽ ಇದ್ಳಲ್ಲಾ?"

ಕೇಳಲು ಇನ್ಯಾರೂ ಉಳಿದಿರಲಿಲ್ಲ ಅವನಿಗೆ.

"ಹೂಂ ಅಪ್ಪಾ," ಎಂದೆ, "ಹಿಂಗಽ ಇದ್ಳು."