ಬಸಣ್ಣ ಬಿಟ್ಟುಕೊಟ್ಟ ‘ಅದೀನ್ರೀ’

ಇವತ್ತು ರಾಯಚೂರಿನ ದವಾಖಾನಿಯೊಳಗ ನರ್ಸ್ ನನ್ನ ಹೆಸರು ಕೂಗಿದಳು. “ಅದೀನ್ರೀ!” ಅಂದೆ. “ಅಜ್ಜಾರ, ಯೆಸ್ ಅಂದ್ರ ಸಾಕ್ರಿ,” ಅಂತ ನಕ್ಕಳು.

ನಿಜಾಮರ ಕಾಲದಾಗ ನಮ್ಮ ಸಾಲ್ಯಾಗ ಹಾಜರಿ ಕೂಗಿದ್ರ ಉರ್ದುವಿನಾಗ “ಹಾಜಿರ್ ಜನಾಬ್” ಅನ್ನಬೇಕಿತ್ತು. ದೊಡ್ಡ ಕ್ಲಾಸಿನ ಮಲ್ಲಟದ ಬಸಣ್ಣ ಮಾತ್ರ ಕನ್ನಡದಾಗ “ಅದೀನ್ರೀ”, ಅಂದ್ರ ಇಲ್ಲೇ ಇದ್ದೀನ್ರೀ, ಅಂತಿದ್ದ, ದಿನಾ ಅಂಗೈಮ್ಯಾಲ ಛಡಿ ಏಟು ತಿಂತಿದ್ದ.

ಮೆಟ್ರಿಕ್ ಮುಗಿಸಿ ಹೋಗೋರು ತಮ್ಮ ಗುಣ ಸಣ್ಣೋರಿಗೆ ಹಂಚಿ ಹೋಗೋ ಚ್ಯಾಷ್ಟಿ ನಮ್ಮಲ್ಲಿತ್ತು. ಒಬ್ಬಾಂವ ತೂಕಡಿಕಿ ಕೊಟ್ಟ. ಇನ್ನೊಬ್ಬಾಂವ ಛಡಿ ಬೀಳೂ ಮೊದಲ ಅಳೂದು ಕೊಟ್ಟ. ಬಸಣ್ಣ ನನ್ನ ಅಂಗೈ ಒತ್ತಿ ನೋಡಿ, “ಮೆತ್ತಗದ ಲೇ, ಗಟ್ಟಿ ಆಗ್ತದ. ಇನ್ನ ಮ್ಯಾಲ ‘ಅದೀನ್ರೀ’ ನಿಂದು,” ಅಂದ.

ಮರುದಿನ ಹಾಜರಿಗೆ ನಾನೂ ಅಂದೆ. ಅಂಗೈ ಬಾತಿತು. ಅದರ ಮರುದಿನಾನೂ ಅಂದೆ.

ನರ್ಸಿಗೆ ಹೇಳಿದೆ: “ಏಟು ತಿಂದು ಉಳಿಸಿಕೊಂಡ ಮಾತು, ಬಿಡಂಗಿಲ್ಲವ್ವಾ. ಬೇಕಾದ್ರ ಇನ್ನೊಮ್ಮೆ ಕೂಗು.”