ಎಪ್ಪತ್ತಕ್ಕೆ ಅಮ್ಮ ಆರಿಸಿದ ಊರು

ಅಮ್ಮನ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಅವಳನ್ನು ಫಾರಿನ್ ಟೂರಿಗೆ ಕರೆದುಕೊಂಡು ಹೋಗಬೇಕು ಎಂದು ಹೊರಟವಳು ನಾನೇ. ಅಬುಧಾಬಿಯಲ್ಲಿರುವ ತಮ್ಮ ಕೂಡಲೇ ಒಪ್ಪಿದ. ಹಾಗೆ ನೋಡಿದರೆ ಅಮ್ಮ ಒಮ್ಮೆ ಅಬುಧಾಬಿಗೆ ಹೋಗಿ ಬಂದವಳೇ. ಆದರೆ ಅವಳು ಹೋದದ್ದು ತಮ್ಮನ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಲು. ಅದನ್ನು ಪ್ರವಾಸ ಎನ್ನುವುದಾದರೆ ನಾನು ದಿನಾ ಮಂಗಳೂರಿನ ಹಂಪನಕಟ್ಟೆಯ ಇನ್ಶೂರೆನ್ಸ್ ಆಫೀಸಿಗೆ ಹೋಗುವುದೂ ಪ್ರವಾಸವೇ.

ನಾನು ಮದುವೆಯಾಗದವಳು, ಅಮ್ಮನ ಜೊತೆ ಫ್ಲಾಟಿನಲ್ಲಿರುವವಳು. ನನಗೆ ಸಿಟ್ಟು ಬೇಗ ಬರುತ್ತದೆ. ಆಫೀಸಿನಲ್ಲಿ ನನ್ನ ಕೌಂಟರಿಗೆ ಬರುವವರು ಮೊದಲು ನನ್ನ ಮುಖ ನೋಡಿ ಆಮೇಲೆ ಬಾಯಿ ತೆರೆಯುತ್ತಾರೆ. ಅಂಥವಳ ತಾಳ್ಮೆಯನ್ನು ಅಮ್ಮ ಆ ಮಳೆಗಾಲದಲ್ಲಿ ಪ್ರತಿ ಆದಿತ್ಯವಾರ ಪರೀಕ್ಷೆ ಮಾಡಿದಳು. ತಮ್ಮ ವಿಡಿಯೋ ಕಾಲಿನಲ್ಲಿ ಒಂದೊಂದೇ ದೇಶದ ಹೆಸರು ಹೇಳುತ್ತಿದ್ದ, ಅಮ್ಮ ಒಂದೊಂದನ್ನೇ ಬದಿಗಿಡುತ್ತಿದ್ದಳು. ಮನೆಯಲ್ಲಿ ನಾವು ಜಗಳ ಆಡುವುದು ತುಳುವಿನಲ್ಲಿ; ಇಲ್ಲಿ ಅದನ್ನು ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಸ್ವಿಟ್ಜರ್ಲೆಂಡ್ ಆಗ್ಬಹುದಾ ಅಮ್ಮ?"

"ಅಲ್ಲಿ ಚಳಿ. ನನ್ನ ಮೊಣಕಾಲು ಯಾರು ತಿಕ್ಕುದು?"

"ಥೈಲ್ಯಾಂಡ್?"

"ಅಲ್ಲಿ ಎಂತ ಉಂಟು?"

"ಒಳ್ಳೆ ಬೀಚ್ ಉಂಟು."

"ಬೀಚ್ ನೋಡ್ಲಿಕ್ಕೆ ವಿಮಾನ ಯಾಕೆ? ಉಳ್ಳಾಲದ ಬಸ್ಸಿಗೆ ಹತ್ತಿದ್ರೆ ಆಯ್ತಲ್ಲ."

"ಮತ್ತೆ ಎಲ್ಲಿಗೆ ಹೋಗ್ಬೇಕು ನಿನಗೆ?" ಎಂದು ನಾನು ಗದರಿದರೆ, "ನೋಡುವ" ಎಂದು ಎದ್ದು ಹೋಗುತ್ತಿದ್ದಳು. ತೊಕ್ಕೊಟ್ಟಿನಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡು ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿದವಳು ಅವಳು. ಗಿರಾಕಿಗಳಿಗೂ ಹಾಗೇ, ಆಗ್ತದೆ ಎಂದೂ ಹೇಳುತ್ತಿರಲಿಲ್ಲ, ಇಲ್ಲ ಎಂದೂ ಹೇಳುತ್ತಿರಲಿಲ್ಲ.

ಈ ಚರ್ಚೆಯ ನಡುವೆ ಆಟಿ ತಿಂಗಳು ಬಂತು. ಆಟಿಯಲ್ಲಿ ನಮ್ಮಲ್ಲಿ ತೀರಿಹೋದವರಿಗೆ ಬಡಿಸುವ ಕ್ರಮವಿದೆ. ಒಂದು ಕೋಣೆಯಲ್ಲಿ ಸಾಲಾಗಿ ಬಾಳೆಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಅವರನ್ನು ಕರೆದು, ಬಾಗಿಲು ಹಾಕಿಕೊಂಡು ಹೊರಗೆ ಬಂದುಬಿಡಬೇಕು. ಸತ್ತವರು ಉಣ್ಣುವುದನ್ನು ಬದುಕಿರುವವರು ನೋಡಬಾರದು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ, ಆ ಎಲೆಗಳಲ್ಲಿ ಇದ್ದದ್ದನ್ನೇ ಮನೆಯವರು ಹಂಚಿಕೊಂಡು ಉಣ್ಣುವುದು. ಫ್ಲಾಟಿಗೆ ಬಂದ ಮೇಲೆ ನನ್ನ ಮಲಗುವ ಕೋಣೆಯೇ ಅವರ ಊಟದ ಕೋಣೆ. ಅಜ್ಜಿ ನಾಲ್ಕನೇ ಮಾಳಿಗೆಗೆ ಲಿಫ್ಟಿನಲ್ಲಿ ಬರ್ತಾರಾ, ಮೆಟ್ಟಿಲು ಹತ್ತಿ ಬರ್ತಾರಾ ಎಂದು ತಮ್ಮ ತಮಾಷೆ ಮಾಡುತ್ತಾನೆ.

ನಮ್ಮಲ್ಲಿ ಮೂರು ಎಲೆ. ಅಮ್ಮನ ತಾಯಿಗೆ ಒಂದು, ಅಪ್ಪನಿಗೆ ಒಂದು, ಮಾವನಿಗೆ ಒಂದು. ಮಾವ ಎಂದರೆ ಅಮ್ಮನ ಒಬ್ಬನೇ ಅಣ್ಣ, ಹಡಗಿನಲ್ಲಿ ಕೆಲಸಕ್ಕಿದ್ದವನು. ರಜೆಗೆ ಬಂದಾಗಲೆಲ್ಲ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಪೇಟೆ ಸುತ್ತಿಸುತ್ತಿದ್ದ. ನಾನು ಹೈಸ್ಕೂಲಿನಲ್ಲಿದ್ದಾಗ ಅವನು ಸಮುದ್ರದ ಪಾಲಾದ ಎಂದು ಸುದ್ದಿ ಬಂತು. ಹೆಣ ಸಿಗಲಿಲ್ಲ. ಹುಲ್ಲಿನ ಬೊಂಬೆ ಮಾಡಿ ಸುಟ್ಟರು, ಬೊಜ್ಜದ, ಎಂದರೆ ಸಾವಿನ ಕ್ರಿಯೆಯ, ಊಟಕ್ಕೆ ಊರೇ ಬಂತು. ನಾನು ಊಟ ಬಿಟ್ಟು ಅತ್ತೆ.

ನಮ್ಮದು ಅಳಿಯಸಂತಾನದ ಕುಟುಂಬ. ಮನೆಯ ದೈವದ ಎದುರು ಎಲ್ಲರ ಪರವಾಗಿ ನಿಲ್ಲುವವನು ಮಾವ, ಅವನ ಕಾಲ ಮುಗಿದ ಮೇಲೆ ಅಳಿಯ, ಅಂದರೆ ಅವನ ತಂಗಿಯ ಮಗ. ಹಾಗಾಗಿ ಆ ವರ್ಷದ ನೇಮದಲ್ಲಿ, ದೈವ ಮೈಮೇಲೆ ಬರುವ ಆ ರಾತ್ರಿ, ಇನ್ನೂ ಪ್ರೈಮರಿ ಶಾಲೆಯಲ್ಲಿದ್ದ ತಮ್ಮನಿಗೆ ಬಿಳಿ ಮುಂಡು ಸುತ್ತಿ ಮಾವನ ಜಾಗದಲ್ಲಿ ನಿಲ್ಲಿಸಿದರು. ದೈವದ ಕೈಯಿಂದ ಪ್ರಸಾದ ತೆಗೆದುಕೊಳ್ಳುವಾಗ ಅವನ ಮುಂಡು ಜಾರುತ್ತಿತ್ತು, ಹಿಂದಿನಿಂದ ಅಪ್ಪ ಹಿಡಿದುಕೊಂಡಿದ್ದರು. ಇವತ್ತಿಗೂ ತಮ್ಮ ಏನೇ ಕೆಲಸವಿದ್ದರೂ ಆ ಒಂದು ರಾತ್ರಿಗೆ ರಜೆ ಹಾಕಿ ಊರಿಗೆ ಬರುತ್ತಾನೆ.

ಆಟಿಯ ಎಲೆಗಳ ವಿಷಯದಲ್ಲಿ ಅಮ್ಮನ ಒಂದು ಹಟ ನಮಗೆ ಅಭ್ಯಾಸವಾಗಿಬಿಟ್ಟಿತ್ತು. ಅಜ್ಜಿಯನ್ನು ಕರೆಯುತ್ತಾಳೆ, ಅಪ್ಪನನ್ನು ಕರೆಯುತ್ತಾಳೆ, ಮಾವನ ಎಲೆಯ ಮುಂದೆ ಮಾತ್ರ ಬಾಯಿ ಬಿಡುವುದಿಲ್ಲ. ಕೋಳಿಯ ಜೊತೆ ಅವನಿಗೆ ಇಷ್ಟದ ಒಣ ಸಿಗಡಿ ಚಟ್ನಿ ಬಡಿಸಿ ಸುಮ್ಮನೆ ಎದ್ದುಬಿಡುತ್ತಾಳೆ. ಬಾಗಿಲು ತೆರೆದ ಮೇಲೆ ಆ ಎಲೆಯನ್ನು ನಮಗೆ ಮುಟ್ಟಲೂ ಬಿಡದೆ ಪೂರ್ತಿ ತಾನೇ ಉಣ್ಣುತ್ತಾಳೆ. ಅಣ್ಣನ ಮೇಲಿನ ಸಂಕಟ, ಪಾಪ, ಎಂದು ನಾವೂ ಕೇಳಲು ಹೋಗಿರಲಿಲ್ಲ. ಈ ಸಲವೂ ಹಾಗೇ ಆಯಿತು.

ಅದರ ಮುಂದಿನ ವಾರ ಅಮ್ಮನನ್ನು ಹಂಪನಕಟ್ಟೆಯ ಒಂದು ಟ್ರಾವೆಲ್ ಏಜೆನ್ಸಿಗೆ ಎಳೆದುಕೊಂಡು ಹೋದೆ. ಚಿತ್ರ ನೋಡಿದರಾದರೂ ಮನಸ್ಸು ಬಂದೀತು ಎಂಬ ಆಸೆ. ಏಜೆಂಟ್ ಒಳ್ಳೆಯ ಮನುಷ್ಯ, ಬಣ್ಣಬಣ್ಣದ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿದರು. ಅಮ್ಮ ಸೀರೆ ಅಂಗಡಿಯಲ್ಲಿ ಸೆರಗು ಮಗುಚಿದ ಹಾಗೆ ಪುಟ ಮಗುಚುತ್ತಾ ಹೋದಳು. ಮಲೇಷ್ಯಾ ಬಂದಾಗ ಕೈ ನಿಂತಿತು. ಕನ್ನಡಕ ಹಾಕಿಕೊಂಡಳು.

"ಇದ್ರಲ್ಲಿ ಪೆನಾಂಗ್ ಉಂಟಾ?"

"ಪ್ಯಾಕೇಜಲ್ಲಿ ಇಲ್ಲ ಅಮ್ಮ. ಕೌಲಾಲಂಪುರ ಉಂಟು. ಗುಡ್ಡಕ್ಕೆ ಹೋಗ್ಲಿಕ್ಕೆ ಕೇಬಲ್ ಕಾರ್ ಉಂಟು, ತುಂಬಾ ಲಾಯ್ಕ್ ಉಂಟು."

"ಕೇಬಲ್ ಕಾರ್ ಬೇಡ. ಪೆನಾಂಗ್ ಬೇಕು."

"ಪೆನಾಂಗಲ್ಲಿ ಎಷ್ಟು ದಿನ ಹಾಕುವ?"

"ಇರುವಷ್ಟು ದಿನ ಅಲ್ಲಿಯೇ."

ನಾನು ಕಣ್ಣರಳಿಸಿ ಕೂತೆ. ಪೆನಾಂಗ್ ಎಂಬ ಹೆಸರನ್ನು ಅಮ್ಮನ ಬಾಯಿಯಿಂದ ಕೇಳಿದ್ದು ಅದೇ ಮೊದಲು. ಏಜೆಂಟರಿಗೆ ಆಮೇಲೆ ಫೋನ್ ಮಾಡುತ್ತೇನೆಂದು ಹೇಳಿ, ಅವಳನ್ನು ಪಕ್ಕದ ಐಸ್‌ಕ್ರೀಮ್ ಅಂಗಡಿಗೆ ಕರೆದುಕೊಂಡು ಹೋದೆ. ಗಡ್‌ಬಡ್ ಎದುರಿಗಿದ್ದರೆ ಅಮ್ಮ ಸ್ವಲ್ಪ ಸಡಿಲವಾಗುತ್ತಾಳೆ. ಉದ್ದ ಗ್ಲಾಸು ಬಂತು, ಮೇಲಿನ ಗೋಡಂಬಿ ಆರಿಸಿ ತಿಂದಳು. ಆಮೇಲೆ ಚಮಚ ಕೆಳಗಿಟ್ಟಳು.

"ನಿನ್ನ ಮಾವ ಅಲ್ಲಿದ್ದಾನೆ."

"ಯಾವ ಮಾವ?"

"ನಿನಗೆ ಎಷ್ಟು ಜನ ಮಾವ? ಇರುದು ಒಬ್ಬನೇ ಅಲ್ವಾ?"

ವಯಸ್ಸಾಯಿತು, ಅಮ್ಮನಿಗೆ ಮರೆವು ಶುರುವಾಯಿತು ಎಂದೇ ಎಣಿಸಿದೆ. ಅವಳ ಕೈ ಹಿಡಿದು ಮೆಲ್ಲಗೆ ಹೇಳಿದೆ.

"ಅಮ್ಮ, ಮಾವ ತೀರಿಹೋಗಿದ್ದಾರೆ. ಮೊನ್ನೆ ಆದಿತ್ಯವಾರ ಎಲೆ ಹಾಕ್ಲಿಲ್ವಾ ನಾವು?"

"ಹಾಕಿದ್ದೇವೆ."

"ಮತ್ತೆ?"

"ಅವನು ಸತ್ತಿಲ್ಲ ಮಗಾ. ಆಗಲೂ ಸತ್ತಿರ್ಲಿಲ್ಲ."

ಅಮ್ಮನ ಕಣ್ಣು ಸ್ಪಷ್ಟವಾಗಿತ್ತು. ಮರೆವಿನ ಕಣ್ಣಲ್ಲ ಅದು.

ಮಾವ ಪೆನಾಂಗಿನಲ್ಲಿ ಹಡಗು ಬಿಟ್ಟಿದ್ದನಂತೆ. ಅಲ್ಲಿಯ ಒಬ್ಬ ಚೀನೀ ಹೆಂಗಸನ್ನು ಮದುವೆಯಾಗಿ, ಅವಳ ಊಟದ ಅಂಗಡಿಯಲ್ಲೇ ನಿಂತನಂತೆ. ಇನ್ನು ಊರಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದ. ಇಲ್ಲಿ ದೈವದ ಎದುರು ನಿಲ್ಲಲು ಜನವಿಲ್ಲ. ಅವನು ಬದುಕಿರುವಾಗ ಅವನ ಜಾಗದಲ್ಲಿ ಬೇರೆಯವರು ನಿಲ್ಲುವಂತಿಲ್ಲ. ನೇಮ ನಿಂತಿತು. ಕುಟುಂಬದಲ್ಲಿ ಯಾರಿಗೆ ಜ್ವರ ಬಂದರೂ, ಯಾರ ಮದುವೆ ತಪ್ಪಿದರೂ ಅದೇ ಕಾರಣವೆಂದು ನೆಂಟರು ಅಜ್ಜಿಯ ಮುಖಕ್ಕೇ ಹೇಳತೊಡಗಿದರು. ಅಜ್ಜಿ ಮಗನಿಗೆ ಮಾಡಿದ ಕರೆಗಳೆಲ್ಲ ವ್ಯರ್ಥವಾದವು. ಕೊನೆಗೆ ಅವಳೇ ತೀರ್ಮಾನ ಮಾಡಿದಳು: ಬದುಕಿ ಬಾರದವನು ಸತ್ತಾದರೂ ಜಾಗ ಬಿಡಲಿ. ಸಮುದ್ರದ ಕಥೆ ಕಟ್ಟಿದವಳು ಅವಳು. ಬೊಂಬೆ ಸುಡಿಸಿದವಳೂ ಅವಳೇ.

"ನಿನಗೆ ಗೊತ್ತಿತ್ತಾ?" ಎಂದೆ.

"ಗೊತ್ತಿತ್ತು. ನಿನ್ನ ಅಜ್ಜಿ ದೀಪ ಮುಟ್ಟಿಸಿ ಆಣೆ ಹಾಕಿಸಿದ್ರು, ಗಂಡನಿಗೂ ಹೇಳ್ಬಾರ್ದು, ಮಕ್ಕಳಿಗೂ ಹೇಳ್ಬಾರ್ದು ಅಂತ."

"ನಾನು ಊಟ ಬಿಟ್ಟು ಅತ್ತದ್ದು? ನೀನು ಅತ್ತದ್ದು? ಅದೆಲ್ಲ ನಾಟಕವಾ?" ಐಸ್‌ಕ್ರೀಮ್ ಅಂಗಡಿಯಲ್ಲಿ ಕೂತಿದ್ದೇನೆಂಬುದೇ ನನಗೆ ಮರೆತುಹೋಯಿತು. ಆಚೆ ಮೇಜಿನ ಕಾಲೇಜು ಮಕ್ಕಳು ತಿರುಗಿ ನೋಡಿದರು.

"ನನ್ನದು ನಾಟಕ ಅಲ್ಲ ಮಾರಾಯ್ತಿ. ಬೊಜ್ಜ ಆದ ಮೇಲೆ ಅವನಿಗೆ ಬರ್ಬೇಕು ಅಂತ ಕಂಡ್ರೂ ಬರುವ ಹಾಗಿಲ್ಲ. ಅದಕ್ಕೆ ಅತ್ತದ್ದು ನಾನು."

ಜೀವಂತ ಮನುಷ್ಯನಿಗೆ ಇಷ್ಟು ವರ್ಷ ನಾವು ಸತ್ತವರ ಸಾಲಿನಲ್ಲಿ ಎಲೆ ಹಾಕಿದ್ದೆವು. ನನ್ನ ಕೋಣೆಯಲ್ಲಿ, ನನ್ನ ಮಂಚದ ಪಕ್ಕದಲ್ಲಿ. ಅಮ್ಮ ಯಾಕೆ ಅವನನ್ನು ಕರೆಯುತ್ತಿರಲಿಲ್ಲ, ಯಾಕೆ ಆ ಎಲೆಯನ್ನು ನಮಗೆ ಕೊಡುತ್ತಿರಲಿಲ್ಲ ಎಂದು ಆಗ ಹೊಳೆಯಿತು. ಕರೆದರೆ, ಸತ್ತವನ ಪಾಲೆಂದು ಆ ಎಲೆಯನ್ನು ಹಂಚಿ ಉಂಡರೆ, ಅವನಿಗೆ ಕೆಡುಕಾದೀತು ಎಂಬ ಹೆದರಿಕೆ ಅವಳಿಗೆ. ನೆಂಟರಿಗಾಗಿ ಎಲೆ ಹಾಕಿದಳು, ಅಣ್ಣನಿಗಾಗಿ ಬಾಯಿ ಮುಚ್ಚಿಕೊಂಡಳು.

ಇನ್ನೂ ಒಂದು ಬಾಕಿಯಿತ್ತು. ಮಾವ ಪ್ರತಿವರ್ಷ ಅಮ್ಮನ ಹುಟ್ಟುಹಬ್ಬಕ್ಕೆ ಫೋನ್ ಮಾಡುತ್ತಿದ್ದನಂತೆ, ಮೊದಲು ಅವಳ ಟೈಲರ್ ಅಂಗಡಿಯ ಪಕ್ಕದ ಮೆಡಿಕಲ್ಲಿಗೆ, ಆಮೇಲೆ ಮೊಬೈಲಿಗೆ. ಅಮ್ಮ ತೋರಿಸಿದಳು. ಹೆಸರು "ಮೆಷಿನ್ ರಿಪೇರಿ" ಎಂದಿತ್ತು. ಅಯ್ಯೋ ದೇವರೇ, ಆ ಹೆಸರಿನಿಂದ ಬಂದ ಫೋನನ್ನು ನಾನೇ ಒಮ್ಮೆ ಎತ್ತಿದ್ದೆ. ಅಮ್ಮ ಸ್ನಾನಕ್ಕೆ ಹೋಗಿದ್ದಾರೆ, ಮೆಷಿನ್ ಸರಿಯೇ ಉಂಟು, ಸುಮ್ಮನೆ ಫೋನ್ ಮಾಡ್ಬೇಡಿ ಎಂದು ಗದರಿದ್ದೆ. ಆಚೆಯಿಂದ ಒಬ್ಬ ಮುದುಕ, "ಆಯ್ತು ಮಗಾ, ಆಮೇಲೆ ಮಾಡ್ತೇನೆ" ಎಂದಿದ್ದ. ಸೈಕಲ್ಲಿನಲ್ಲಿ ಪೇಟೆ ಸುತ್ತಿಸಿದ ಮನುಷ್ಯ.

"ಈಗ ಯಾಕೆ ಹೇಳಿದ್ದು?" ಎಂದೆ.

"ಅವನ ಹೆಂಡತಿ ಹೋದ್ರು ಕಳೆದ ವರ್ಷ. ಅವನಿಗೆ ನಡೀಲಿಕ್ಕೂ ಕಷ್ಟ. ವಿಡಿಯೋ ಕಾಲ್ ಮಾಡು ಅಂದ್ರೆ ಬೇಡ ಅಂತಾನೆ, ಹಳೇ ಮುಖವೇ ನೆನಪಿರ್ಲಿ ಅಂತ. ನನಗೂ ಎಪ್ಪತ್ತು. ಒಮ್ಮೆ ನೋಡ್ಬೇಕು ಮಗಾ. ನೀವು ಸ್ವಿಟ್ಜರ್ಲೆಂಡಿಗೆ ಕರ್ಕೊಂಡು ಹೋದ್ರೆ ಬರ್ತಿದ್ದೆ. ಆದ್ರೆ ಅಲ್ಲಿ ನನ್ನವರು ಯಾರುಂಟು?"

"ಆಣೆ ತಪ್ಪಿತಲ್ಲ?"

"ದೈವಕ್ಕೆ ತಪ್ಪು ಕಾಣಿಕೆ ಹಾಕ್ತೇನೆ. ನನ್ನ ಲೆಕ್ಕ ನಾನು ನೋಡ್ಕೊಳ್ತೇನೆ."

ಗಡ್‌ಬಡ್ ಕರಗಿ ನೀರಾಗಿತ್ತು. ಅದನ್ನೂ ಬಿಡದೆ ಕುಡಿದಳು.

ಮನೆಗೆ ಬಂದು ತಮ್ಮನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿದ. ಅವನು ನಗುತ್ತಾನೋ, ಕಿರುಚುತ್ತಾನೋ ಎಂದು ಕಾದೆ.

"ಅಕ್ಕ, ಹಾಗಾದ್ರೆ ಇಷ್ಟು ವರ್ಷ ನಾನು ಯಾರ ಜಾಗದಲ್ಲಿ ನಿಂತದ್ದು?"

ಅಷ್ಟು ಕೇಳಿ ಅವನು ಫೋನ್ ಇಟ್ಟ. ಅಮ್ಮನ ಹತ್ತಿರ ಮಾತಾಡಲೂ ಇಲ್ಲ. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಾ, ಫೋನ್ ಬಂತಾ ಎಂದು ಇಣುಕುತ್ತಿದ್ದಳು. ಆ ವಾರದ ಕೊನೆಗೆ ಅವನಿಂದ ಮೆಸೇಜ್ ಬಂತು: ಸೆಪ್ಟೆಂಬರಿನಲ್ಲಿ ರಜೆ ಸಿಕ್ಕಿದೆ, ನೀವು ಅಲ್ಲಿಂದ ಬನ್ನಿ, ನಾನು ನೇರ ಪೆನಾಂಗಿಗೆ ಬರುತ್ತೇನೆ. ಆ ಜಾಗ ನನಗೆ ಕೊಟ್ಟದ್ದು ಹೌದಾ ಎಂದು ಮಾವನ ಬಾಯಿಂದಲೇ ಕೇಳಬೇಕು.

ಹುಟ್ಟುಹಬ್ಬದ ಬೆಳಿಗ್ಗೆ ಮೆಷಿನ್ ರಿಪೇರಿಯ ಫೋನ್ ಬಂತು. ಅಮ್ಮ ಈ ಸಲ ಬಾಲ್ಕನಿಗೆ ಓಡಲಿಲ್ಲ. ಊಟದ ಮೇಜಿನ ಮೇಲೆ ಇಟ್ಟು ಸ್ಪೀಕರ್ ಒತ್ತಿದಳು. ಮುದಿ ಸ್ವರ, ಆದರೆ ತುಳು ನನ್ನ ಅಜ್ಜಿಯದ್ದು. ಮಂಗಳೂರಿನಲ್ಲಿ ಈಗ ಯಾರೂ ಆಡದ ಶಬ್ದಗಳು ಅವನ ಬಾಯಲ್ಲಿ ಹಾಗೇ ಉಳಿದಿದ್ದವು.

"ಏನು ತಂಗೀ, ಎಪ್ಪತ್ತಾಯ್ತಾ?"

"ಆಯ್ತು ಅಣ್ಣ."

"ಈ ಸಲ ಆಟಿಗೆ ನನಗೆ ಎಂತ ಬಡಿಸಿದ್ದು?"

ಅವನಿಗೂ ಗೊತ್ತಿತ್ತು! ಸತ್ತವರ ಸಾಲಿನಲ್ಲಿ ತನಗೆ ಎಲೆ ಬೀಳುತ್ತದೆ ಎಂದು ಗೊತ್ತಿದ್ದು, ಅದಕ್ಕೆ ಏನು ಬಡಿಸಿದರು ಎಂದು ಪ್ರತಿವರ್ಷ ಕೇಳುತ್ತಿದ್ದ. ಅಮ್ಮ ಏನೂ ಆಗದವಳಂತೆ ಹೇಳುತ್ತಿದ್ದಳು.

"ಕೋಳಿ, ನೀರುದೋಸೆ. ಒಣ ಸಿಗಡಿ ಚಟ್ನಿ."

"ಉಪ್ಪು ಸರಿ ಇತ್ತಾ?"

"ಸ್ವಲ್ಪ ಹೆಚ್ಚಾಗಿತ್ತು. ಆದ್ರೂ ಎಲೆ ಖಾಲಿ ಮಾಡಿದ್ದೇನೆ."

ಅವನು ನಕ್ಕ. ನನಗೆ ತಡೆಯಲಾಗಲಿಲ್ಲ.

"ಮಾವ, ನಾನು. ನಾವು ಬರ್ತಾ ಇದ್ದೇವೆ ಅಲ್ಲಿಗೆ. ಅಮ್ಮನನ್ನು ಕರ್ಕೊಂಡು ಬರ್ತೇವೆ."

ಆಚೆ ಯಾವುದೋ ವಾಹನ ಹೋದ ಸದ್ದು ಕೇಳಿತು.

"ನಿಜವಾ ತಂಗೀ?"

"ನಿಜ."

"ಚಟ್ನಿ ತಾ."

"ತರ್ತೇನೆ. ಬಾಳೆಲೆ ಸಿಗ್ತದಾ ಅಲ್ಲಿ?"

"ಬೇಕಾದಷ್ಟು ಸಿಗ್ತದೆ. ಮತ್ತೆ ಒಂದು ಮಾತು. ಬಡಿಸಿ ಆದ ಮೇಲೆ ಬಾಗಿಲು ಹಾಕಿ ಹೊರಗೆ ಹೋಗ್ಬೇಡ, ಆಯ್ತಾ?"

ಬೊಜ್ಜದ ದಿನದ ನಂತರ ಅಮ್ಮ ಅತ್ತದ್ದನ್ನು ನಾನು ನೋಡಿದ್ದು ಅವತ್ತೇ.

"ಇಲ್ಲ ಅಣ್ಣ," ಎಂದಳು. "ಎದುರೇ ಕೂತ್ಕೊಳ್ತೇನೆ."